ಚರ್ಚ್ ಕೀಬೋರ್ಡ್‌ಗೆ ಜಾಝ್ ಕಾರ್ಡ್‌ಗಳು: ನಾನು ಅಭ್ಯಾಸ ಮಾಡಿದ ಬಗೆ

ಕೊಡಗಿನ ಚರ್ಚ್‌ಗಳಲ್ಲಿ ಕೀಬೋರ್ಡ್ ನುಡಿಸುವ ನಮ್ಮಲ್ಲಿ ಹೆಚ್ಚಿನವರು ಸಿ, ಎಫ್, ಜಿ ಎಂಬ, ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ ಮೂರು ಮೇಜರ್ ಕಾರ್ಡ್‌ಗಳಲ್ಲೇ ಹಾಡು ಮುಗಿಸುತ್ತೇವೆ. ಸಭೆ ಹಾಡಲು ಅಷ್ಟು ಸಾಕು. ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚ್ ಸಂಗೀತ) ವಾದಕರ ಕೈಯಲ್ಲಿ ಅದೇ ಹಾಡು ತುಂಬಿ ಬರುವುದಕ್ಕೆ ಬೇರೆ ಕಾರಣವಿದೆ. ಒಂದು ಕಾರ್ಡ್‌ನ ಮೂಲ ಸ್ವರದಿಂದ ಎಣಿಸಿದ 3 ಮತ್ತು 7ನೆಯ ಸ್ವರಗಳು ಮುಂದಿನ ಕಾರ್ಡ್‌ಗೆ ಪಕ್ಕದ ಕೀ ಮೇಲೇ ಜಾರಿ ಹೋಗುತ್ತವೆ, ಅಥವಾ ಇದ್ದಲ್ಲೇ ಇರುತ್ತವೆ. ಬ್ಲೂಸ್ ಪಿಯಾನೋ ನುಡಿಸುತ್ತಿದ್ದ ಥಾಮಸ್ ಎ. ಡಾರ್ಸಿ (1899–1993) 1930ರ ದಶಕದಲ್ಲಿ ಶಿಕಾಗೋದ ಚರ್ಚ್ ಸಂಗೀತಕ್ಕೆ ಬ್ಲೂಸ್ ಗುಣವನ್ನು ತಂದರು. ಸ್ವರಗಳು ಹೀಗೆ ಜಾರುವುದೇ ಮುಖ್ಯವಾದ್ದರಿಂದ ನಾನು ಕಾರ್ಡ್ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಲಿಲ್ಲ. ನಾಲ್ಕು ಚಲನೆಗಳನ್ನು ಮಾತ್ರ ಹಿಡಿದುಕೊಂಡೆ.

ಮೊದಲನೆಯದು 2–5–1, ಅಂದರೆ ಶ್ರುತಿಯ ಎರಡು, ಐದು, ಒಂದನೆಯ ಸ್ವರಗಳ ಮೇಲೆ ಕಟ್ಟಿದ ಕಾರ್ಡ್ ಸರಣಿ. ಸಿ ಷಡ್ಜವಾದರೆ ಇದು ರಿ–ಪ–ಸ. ಎಡಗೈಯಲ್ಲಿ ಡಿ, ಬಲಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಎಫ್, ಎ, ಸಿ, ಇ: ಇದು ಡಿ ಮೈನರ್ 9 (ಡಿಯಿಂದ ಎಣಿಸಿದರೆ ಇ ಒಂಬತ್ತನೆಯ ಸ್ವರ). ಎಡಗೈ ಜಿಗೆ ಹೋದಾಗ ಬಲಗೈಯಲ್ಲಿ ಸಿ ಒಂದೇ ಬಿಗೆ ಇಳಿಯಬೇಕು: ಎಫ್, ಎ, ಬಿ, ಇ. ಅದು ಜಿ 13. ಎಡಗೈ ಸಿಗೆ ಬಂದಾಗ ಬಿ ಅಲ್ಲೇ ಉಳಿದು ಮಿಕ್ಕ ಮೂರು ಒಂದೊಂದು ಮೆಟ್ಟಿಲು ಇಳಿಯುತ್ತವೆ: ಇ, ಜಿ, ಬಿ, ಡಿ. ಅದು ಸಿ ಮೇಜರ್ 9. ಬಲಗೈಯ ಮೊದಲ ಎಫ್ ಮಧ್ಯ ಸಿಗಿಂತ ಸ್ವಲ್ಪ ಕೆಳಗಿನದು. ಇಡೀ ಕಾರ್ಡನ್ನು ಒಂದು ಆಕ್ಟೇವ್ ಕೆಳಗಿಟ್ಟರೆ ಸ್ವರಗಳು ಒಂದರೊಳಗೊಂದು ಸೇರಿ ಮಂಕಾಗುತ್ತವೆ. ಮೆಟ್ರೊನೋಮ್ (ತಾಳ ಎಣಿಸುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು, ಒಂದೊಂದು ಕಾರ್ಡ್‌ಗೆ ನಾಲ್ಕು ಎಣಿಕೆ ಕೊಟ್ಟು, ಸಿ ಆದ ಮೇಲೆ ಎಫ್, ಬಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್ ಹೀಗೆ ಮುಂದುವರಿಯಿರಿ. ಟ್ರಾನ್ಸ್‌ಪೋಸ್ ಬಟನ್ (ಶ್ರುತಿ ಬದಲಿಸುವ ಗುಂಡಿ) ಅಭ್ಯಾಸದಲ್ಲಿ ಬೇಡ. ಗಾಸ್ಪೆಲ್ ನುಡಿಕೆಯಲ್ಲಿ ಎ ಫ್ಲಾಟ್, ಡಿ ಫ್ಲಾಟ್ ತುಂಬಾ ಬಳಕೆಯಲ್ಲಿವೆ. ಕಪ್ಪು ಕೀಗಳ ಮೇಲೆ ಬೆರಳು ಕೂರದಿದ್ದರೆ ಕೇಳಿದ್ದನ್ನು ಹಿಡಿಯಲು ಆಗುವುದಿಲ್ಲ.

ಇಲ್ಲಿ ನಮ್ಮ ಊರುಗಳ ಕೀಬೋರ್ಡ್‌ಗಳಿಗೇ ವಿಶೇಷವಾದ ಒಂದು ತೊಡಕಿದೆ. ಹೆಚ್ಚಿನ ಚರ್ಚ್‌ಗಳಲ್ಲಿರುವುದು 61 ಕೀಗಳ ಸ್ಟೈಲ್ ಕೀಬೋರ್ಡ್. ರಿದಮ್ ಜೊತೆ ಆಟೊ ಅಕಂಪನಿಮೆಂಟ್ ಆನ್ ಮಾಡಿದರೆ ಯಂತ್ರ ಎಡಗೈಯ ಸ್ವರಗಳನ್ನು ಓದಿ ತಾನೇ ಬೇಸ್ ನುಡಿಸುತ್ತದೆ. ಎಡಗೈಯಲ್ಲಿ ಎಫ್, ಎ, ಸಿ, ಇ ಹಿಡಿದರೆ ಅದಕ್ಕೆ ಡಿ ಮೈನರ್ 9 ಎಂದು ತಿಳಿಯುವುದಿಲ್ಲ, ಎಫ್ ಮೇಜರ್ 7 ಎಂದು ಭಾವಿಸಿ ಎಫ್ ಬೇಸ್ ಕೊಡುತ್ತದೆ. ಇ, ಜಿ, ಬಿ, ಡಿ ಹಿಡಿದರೆ ಇ ಮೈನರ್ 7 ಆಗುತ್ತದೆ. ಅಲ್ಲಿಗೆ ರಿ–ಪ–ಸ ನಡೆಯೇ ಹೋಯಿತು. ಆದ್ದರಿಂದ ಅಕಂಪನಿಮೆಂಟ್ ಆಫ್ ಮಾಡಿ ತಾಳ ಮಾತ್ರ ಓಡಿಸಿ. ಅದು ಬೇಕೇ ಬೇಕೆಂದರೆ ಎಡಗೈಯಲ್ಲಿ ಸರಳ ಡಿ ಮೈನರ್, ಜಿ 7, ಸಿ ಹಿಡಿದು, 9 ಮತ್ತು 13ನೆಯ ಸ್ವರಗಳನ್ನು ಬಲಗೈಗೆ ಬಿಡಿ.

ಎರಡನೆಯ ಚಲನೆ 1ರಿಂದ 4ಕ್ಕೆ ಹೋಗುವ ದಾರಿ. ಗಾಸ್ಪೆಲ್‌ನ ಮುಖ್ಯ ರುಚಿ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಸಿ ಕಾರ್ಡ್ ನಾಲ್ಕು ಎಣಿಕೆ ಇದ್ದು ಮುಂದಿನದು ಎಫ್ ಆಗಿದ್ದರೆ, ಮೊದಲ ಎರಡು ಎಣಿಕೆಗೆ ಸಿ ಇಡಿ. ಮೂರನೆಯದಕ್ಕೆ ಜಿ ಮೈನರ್ 9 (ಎಡಗೈ ಜಿ, ಬಲಗೈ ಬಿ ಫ್ಲಾಟ್, ಡಿ, ಎಫ್, ಎ), ನಾಲ್ಕನೆಯದಕ್ಕೆ ಸಿ 13 (ಎಡಗೈ ಸಿ, ಬಲಗೈ ಬಿ ಫ್ಲಾಟ್, ಡಿ, ಇ, ಎ), ಆಮೇಲೆ ಎಫ್ ಮೇಜರ್ 9 (ಎಡಗೈ ಎಫ್, ಬಲಗೈ ಎ, ಸಿ, ಇ, ಜಿ). ಬೆರಳು ಮೊದಲಿನ 2–5–1ನ್ನೇ ಎಫ್ ಶ್ರುತಿಯಲ್ಲಿ ನುಡಿಸುತ್ತಿದೆ, ಹೊಸದಾಗಿ ಕಲಿಯುವುದೇನಿಲ್ಲ. 6/8 ನಡೆಯ ಹಾಡಿನಲ್ಲಿ ಎರಡೂ ಕಾರ್ಡ್ ತುರುಕಬೇಡಿ. ಕೊನೆಯ ಮೂರು ಎಣಿಕೆಗೆ ಸಿ 13 ಒಂದೇ ಸಾಕು.

ಮೂರನೆಯದು 7–3–6, ಅಂದರೆ ನಿ–ಗ–ದ. ಹಾಡು ಎ ಮೈನರ್‌ಗೆ ಇಳಿಯುವ ಮುಂಚೆ ಇದು ಬರುತ್ತದೆ. ಎಡಗೈ ಬಿ, ಬಲಗೈ ಎ, ಡಿ, ಎಫ್. ಆಮೇಲೆ ಎಡಗೈ ಇ, ಬಲಗೈ ಜಿ ಶಾರ್ಪ್, ಸಿ, ಡಿ, ಜಿ. ಆಮೇಲೆ ಎಡಗೈ ಎ, ಬಲಗೈ ಜಿ, ಬಿ, ಸಿ, ಇ. ನಡುವಿನ ಕಾರ್ಡ್‌ನಲ್ಲಿ ಜಿ ಶಾರ್ಪ್ ಕೆಳಗೂ ಜಿ ಮೇಲೂ ಇರಲೇಬೇಕು. ಅದಲುಬದಲಾಗಿ ಎರಡೂ ಪಕ್ಕಪಕ್ಕ ಬಂದರೆ ಕಿವಿಗೆ ತಪ್ಪಾಗಿಯೇ ಕೇಳುತ್ತದೆ.

ನಾಲ್ಕನೆಯದು ಡಿಮಿನಿಶ್ಡ್ ದಾಟು, ಅಂದರೆ ಎರಡು ಕಾರ್ಡ್ ನಡುವೆ ಸೇತುವೆಯಂತೆ ಬರುವ ಕಾರ್ಡ್. ಬೇಸ್ ಎಫ್, ಎಫ್ ಶಾರ್ಪ್, ಜಿ ಎಂದು ಮೇಲೇರುವಾಗ ಬಲಗೈಯಲ್ಲಿ ಎ–ಸಿ–ಎಫ್, ಎ–ಸಿ–ಇ ಫ್ಲಾಟ್, ಜಿ–ಸಿ–ಇ. ಪಲ್ಲವಿಯ ಕೊನೆಯ ಸಾಲಿಗೆ ಇಷ್ಟು ಚೆನ್ನಾಗಿ ಒಪ್ಪುವುದು ಮತ್ತೊಂದಿಲ್ಲ. ಬೇಸ್ ಗಿಟಾರ್ ನುಡಿಸುವವರಿಗೆ ಮೊದಲೇ ಹೇಳಿರಿ. ಅವರು ಎಫ್‌ನಲ್ಲೇ ನಿಂತು ನೀವು ಎಫ್ ಶಾರ್ಪ್ ಹಿಡಿದರೆ ಹಾಡುವವರ ಶ್ರುತಿಯೇ ಅಲುಗುತ್ತದೆ.

ಕಾರ್ಡ್ ಸರಿಯಿದ್ದೂ ಹಾಡಿನ ಜೊತೆ ಕೂಡದಿದ್ದರೆ ಹಾಡು ಯಾವ ಸ್ವರದಲ್ಲಿದೆ ನೋಡಿ. ಹಾಡು ಸಾದಲ್ಲಿ ನಿಂತಾಗ ಸಿ ಮೇಜರ್ 9 ಹಿಡಿದರೆ ಅದರೊಳಗಿನ ಬಿ, ಹಾಡುವ ಸಿಗೆ ಉಜ್ಜುತ್ತದೆ. ಅಂಥ ಮುಕ್ತಾಯಕ್ಕೆ ನಾನು ಬಿ ತೆಗೆದು ಇ, ಜಿ, ಎ, ಡಿ ಹಿಡಿಯುತ್ತೇನೆ. ಪಾ ಕಾರ್ಡ್ ಮೇಲೆ ಹಾಡು ಸಾ ಹಿಡಿದಿದ್ದರೆ ಎಡಗೈ ಜಿ, ಬಲಗೈ ಎಫ್, ಎ, ಸಿ. ಹಾಡು ನೀಗೆ ಇಳಿದ ಮೇಲೆಯೇ ಸಿ ಬಿಟ್ಟು ಬಿ. ಸಿ 13 ಹಾಕುವ ಜಾಗದಲ್ಲಿ ಹಾಡು ಕಾಕಲಿ ನಿಷಾದದಲ್ಲಿದ್ದರೆ ಆ ದಾಟು ಬೇಡವೇ ಬೇಡ, ಬಿ ಫ್ಲಾಟ್‌ಗೂ ಬಿಗೂ ಹೊಂದುವುದಿಲ್ಲ.

ಪೆಡಲ್ ಬಗ್ಗೆ ಒಂದು ಮಾತು. ಮೂರು ಸ್ವರದ ಕಾರ್ಡ್‌ನಲ್ಲಿ ಮುಚ್ಚಿಹೋಗುವ ಕಾಲಿನ ಸೋಮಾರಿತನ ಐದು ಸ್ವರದಲ್ಲಿ ಬಯಲಾಗುತ್ತದೆ. ಹೊಸ ಕಾರ್ಡ್ ಒತ್ತಿದ ಕ್ಷಣವೇ ಪೆಡಲ್ ಎತ್ತಿ, ಕೂಡಲೇ ಮತ್ತೆ ಒತ್ತಿರಿ. ಕಾಲು ಎತ್ತಿದಾಗಲೇ ಸ್ವರ ಎಳೆಯುತ್ತಿದ್ದರೆ ಕೀಬೋರ್ಡ್ ಆಫ್ ಮಾಡಿ, ಪೆಡಲ್ ಮುಟ್ಟದೆ ಆನ್ ಮಾಡಿ ನೋಡಿ. ಎಷ್ಟೋ ಮಾದರಿಗಳು ಆನ್ ಆಗುವಾಗಲೇ ಪೆಡಲ್‌ನ ದಿಕ್ಕನ್ನು ಗುರುತಿಸುತ್ತವೆ. ಹ್ಯಾಮಂಡ್ ಆರ್ಗನ್ ಧ್ವನಿಯಲ್ಲಿ ಪೆಡಲ್ ಬೇಡ, ಬೆರಳಿನಿಂದಲೇ ಸ್ವರ ಹಿಡಿದಿಡಬೇಕು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದಂಥ ದೊಡ್ಡ ಕಟ್ಟಡದಲ್ಲಿ ಕೀಬೋರ್ಡ್‌ನ ರಿವರ್ಬ್ ತಗ್ಗಿಸಿ, ತೋಟದ ಸಣ್ಣ ಹೆಂಚಿನ ಪ್ರಾರ್ಥನಾಲಯದಲ್ಲಿ ಸ್ವಲ್ಪ ಇರಲಿ. ಇನ್ನು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕೀಗಳ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್ ಮಂಕಾಗಿ, ಒಂದೆರಡು ಕೀ ಮಾತ್ರ ವಿಪರೀತ ಜೋರಾಗಿ ಅಥವಾ ಮೌನವಾಗಿ ಬರುತ್ತವೆ. ಕಾರ್ಡ್ ನಡುವಿನ ಒಂದು ಸ್ವರ ಕಾಣೆಯಾದರೆ ಕೈಯನ್ನೇ ಅನುಮಾನಿಸುವ ಮೊದಲು ಆ ಕೀ ಒಂದನ್ನೇ ಒತ್ತಿ ನೋಡಿ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಇರಲಿ, ಒದ್ದೆ ಬಟ್ಟೆ ಹೊದಿಸಬೇಡಿ.

ಎಷ್ಟು ಹಾಕಬೇಕು ಎನ್ನುವುದನ್ನು ಸಭೆ ನಿರ್ಧರಿಸುತ್ತದೆ. ಮೊದಲ ಚರಣಕ್ಕೆ ನಾನು ಸರಳ ಕಾರ್ಡ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಹಿರಿಯರು ಕೀಬೋರ್ಡ್ ಕೇಳಿಯೇ ಶ್ರುತಿ ಹಿಡಿಯುತ್ತಾರೆ. ಎರಡನೆಯದರಿಂದ, ಸಾಲಿನ ಕೊನೆಯಲ್ಲಿ ಜನ ಉಸಿರೆಳೆಯುವ ಜಾಗದಲ್ಲಿ ಮಾತ್ರ ದಾಟು ಕಾರ್ಡ್. ಸಾಲಿನ ನಡುವೆ ಹಾಕಿದರೆ ಹಾಡುವವರು ತಡವರಿಸುತ್ತಾರೆ.

ಹಾಡಿನ ಜಾತಿಯೂ ಮುಖ್ಯ. ಕನ್ನಡ ಕ್ರೈಸ್ತ ಹಾಡುಗಳಲ್ಲಿ ಯುರೋಪಿನ ಧಾಟಿಗಳೂ ಇವೆ, ರಾಗ ತಾಳದ ಕೀರ್ತನೆಗಳೂ ಇವೆ. ಶಂಕರಾಭರಣದ ಧಾಟಿಗೆ ಮೇಲಿನ ನಾಲ್ಕೂ ಚಲನೆ ಒಪ್ಪುತ್ತವೆ. ಮೋಹನ ಇನ್ನೂ ಅನುಕೂಲ: ಹಾಡಿನಲ್ಲಿ ಮಾ, ನೀ ಇಲ್ಲದ್ದರಿಂದ ಬಿ ಫ್ಲಾಟ್ ಇರುವ ಕಾರ್ಡ್‌ಗಳೂ ಉಜ್ಜುವುದಿಲ್ಲ. ಮಾಯಾಮಾಳವಗೌಳದ ಕೀರ್ತನೆಗೆ ಮಾತ್ರ ಇವು ಕೂಡದು. ಅದರ ರಿ ಡಿ ಫ್ಲಾಟ್, ದ ಎ ಫ್ಲಾಟ್. ಡಿ ಮೈನರ್ 9ರ ಡಿ, ಎ ಎರಡೂ ಅವಕ್ಕೆ ಎದುರಾಗುತ್ತವೆ. ಅಲ್ಲಿ ನಾನು ಎಡಗೈಯಲ್ಲಿ ಸಿ ಮತ್ತು ಜಿ ಮಾತ್ರ ಹಿಡಿದು, ಬಲಗೈಯಲ್ಲಿ ಹಾಡಿನ ಸ್ವರವನ್ನೇ ನುಡಿಸುತ್ತೇನೆ.