ನಲವತ್ತು ರೂಪಾಯಿಯ ಫೋಟೊಡಯೋಡ್: ನನ್ನ ಅನುಭವ

ಪಾರ್ಶ್ವವಾಯುವಿನಿಂದ ಮಾತು ನಿಂತು, ಕೈಗಳೂ ಆಡದಾದ ನಮ್ಮ ಚಿಕ್ಕಪ್ಪನವರಿಗಾಗಿ ದಾವಣಗೆರೆಯ ನಿಟ್ಟುವಳ್ಳಿಯ ಮನೆಯಲ್ಲೇ ಒಂದು ಎಸ್‌ಎಸ್‌ವಿಇಪಿ ಫಲಕ ಮಾಡಿದ್ದೇನೆ. ಮಿನುಗುವ ಬೆಳಕನ್ನು ದಿಟ್ಟಿಸಿದಾಗ ಮಿದುಳಿನಲ್ಲಿ ಅದೇ ಆವರ್ತನದಲ್ಲಿ ಏಳುವ ವಿದ್ಯುತ್ ಅಲೆಗೆ ಈ ಹೆಸರು. ಪರದೆಯಲ್ಲಿ ಬೇರೆ ಬೇರೆ ವೇಗದಲ್ಲಿ ಮಿನುಗುವ ನಾಲ್ಕು ಚೌಕಗಳಲ್ಲಿ ಒಂದನ್ನು ಅವರು ದಿಟ್ಟಿಸಿದರೆ ನೀರು, ಊಟ, ಮಗ್ಗುಲು, ಫ್ಯಾನ್ ಎಂಬ ಮಾತುಗಳಲ್ಲಿ ಒಂದು ಸ್ಪೀಕರಿನಿಂದ ಹೊರಡುತ್ತದೆ. ಮಿದುಳಿನ ಅಲೆ ಅಳೆಯುವ ಎಡಿಎಸ್1299 ಚಿಪ್ಪಿನ ಬೋರ್ಡು, ಎಲೆಕ್ಟ್ರೋಡುಗಳು, ಜೆಲ್ ಎಲ್ಲ ಸೇರಿ ಐವತ್ತು ಸಾವಿರದ ಮೇಲೆ ಹೋಗಿದೆ. ಲೆಕ್ಕ ಬರೆದಿಡುವುದನ್ನು ಅರ್ಧದಲ್ಲೇ ಬಿಟ್ಟೆ.

ಮೊದಲು ಎಡವಿದ್ದು ಆವರ್ತನಗಳ ಆಯ್ಕೆಯಲ್ಲಿ. 60 ಹರ್ಟ್ಜ್ ಪರದೆಗೆ ಸರಿಯಾಗಿ ಭಾಗವಾಗುತ್ತವೆಂದು 7.5, 10, 12 ಮತ್ತು 15 ಹರ್ಟ್ಜ್ ಇಟ್ಟಿದ್ದೆ. 7.5ರ ಎರಡನೆಯ ಹಾರ್ಮೋನಿಕ್, ಅಂದರೆ ಅದರ ಎರಡರಷ್ಟು ಆವರ್ತನದ ಅಲೆ, ನೇರವಾಗಿ 15ರ ಮೇಲೆಯೇ ಬೀಳುತ್ತದೆಂಬುದು ಗೊತ್ತಿದ್ದೂ ಉದಾಸೀನ ಮಾಡಿದೆ. 10ರ ಫಜೀತಿ ಇನ್ನೂ ದೊಡ್ಡದು. ಚಿಕ್ಕಪ್ಪ ಸುಮ್ಮನೆ ಕಣ್ಣು ಮುಚ್ಚಿದರೂ 10 ಹರ್ಟ್ಜಿನ ಆಸುಪಾಸಿನ, ಮಿದುಳಿನದೇ ಆದ ಆಲ್ಫಾ ಅಲೆ ಎದ್ದು ಫಲಕ 'ನೀರು' ಎನ್ನುತ್ತಿತ್ತು, ಚಿಕ್ಕಮ್ಮ ಲೋಟ ಹಿಡಿದು ಓಡಿ ಬರುತ್ತಿದ್ದರು. ಹೊಳಪನ್ನು ಪ್ರತಿ ಫ್ರೇಮಿನಲ್ಲೂ ಸೈನ್ ಅಲೆಯಂತೆ ಏರಿಳಿಸಿದರೆ ಭಾಗವಾಗದ ಆವರ್ತನಗಳೂ ಸಿಗುವುದರಿಂದ ಬೇರೆ ನಾಲ್ಕನ್ನು ಆರಿಸಿಕೊಂಡೆ. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಬಳಸುವವರ ಆಲ್ಫಾ ನೋಡಿಯೇ ಆರಿಸಬೇಕು.

ಅಳೆದ ಅಲೆಯನ್ನು ಪ್ರತಿ ಆವರ್ತನದ ಸೈನ್ ಅಲೆಗಳೊಡನೆ ಹೋಲಿಸಿ ನೋಡುವ ಸಿಸಿಎ ವಿಧಾನದಲ್ಲಿ, ನಾಲ್ಕು ಸೆಕೆಂಡು ನೋಡಿಸಿದರೆ, ಹತ್ತರಲ್ಲಿ ಆರೇಳು ಸರಿಯಾಗುತ್ತಿದ್ದವು. 2018ರಲ್ಲಿ ನಕಾನಿಶಿ ಮತ್ತು ಸಂಗಡಿಗರು ಇದಕ್ಕೆಂದು ಪ್ರಕಟಿಸಿದ, ತರಬೇತಿಯ ಹಲವು ದಾಖಲೆಗಳಲ್ಲಿ ಪ್ರತಿ ಸಲವೂ ಒಂದೇ ತೆರನಾಗಿ ಬರುವ ಅಲೆಯನ್ನು ಹೆಕ್ಕುವ ಟಿಆರ್‌ಸಿಎ ಹಾಕಿದ ಮೇಲೆ ಅದು ಹತ್ತರಲ್ಲಿ ನಾಲ್ಕಕ್ಕೆ ಇಳಿಯಿತು. ಪ್ರಯೋಗಾಲಯದ ವಿಧಾನ ಮನೆಯಲ್ಲಿ ನಡೆಯದೆಂದು ಬಲ್ಲವರೇ ಹೇಳಿದರು. ನನಗೇಕೋ ಒಪ್ಪಿಗೆಯಾಗಲಿಲ್ಲ. ಚೌಕ ಮಿನುಗಲು ಶುರುವಾದ ಕ್ಷಣವನ್ನು ನಾನು ಪ್ರೋಗ್ರಾಮಿನಿಂದ ಗುರುತಿಸುತ್ತಿದ್ದೆ, ಇಇಜಿ (ಮಿದುಳಿನ ಅಲೆಗಳ ದಾಖಲೆ) ಬ್ಲೂಟೂತಿನಲ್ಲಿ ಬರುತ್ತಿತ್ತು, ಹೀಗಾಗಿ ಎರಡರ ನಡುವಿನ ಅಂತರ ಪ್ರತಿ ಸಲವೂ ಬದಲಾಗುತ್ತಿತ್ತು. 12 ಹರ್ಟ್ಜಿನ ಒಂದು ಆವರ್ತ ಸುಮಾರು 83 ಮಿಲಿಸೆಕೆಂಡಿನದಾದ್ದರಿಂದ ನಲವತ್ತು ಮಿಲಿಸೆಕೆಂಡು ಆಚೀಚೆಯಾದರೆ ಅಲೆ ತಲೆಕೆಳಗಾಗುತ್ತದೆ, ಹಲವು ಸಲದ ಸರಾಸರಿಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತದೆ. ಸಿಸಿಎ ಅಲೆಯ ಹಂತವನ್ನು (ಫೇಸ್, ಅಂದರೆ ಅಲೆ ಯಾವ ಕ್ಷಣದಲ್ಲಿ ಏರುತ್ತದೆ, ಇಳಿಯುತ್ತದೆ ಎಂಬುದನ್ನು) ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ ಈ ದೋಷ ಇಷ್ಟು ದಿನ ಅಡಗಿತ್ತು.

ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ, ನಲವತ್ತು ರೂಪಾಯಿಯ ಫೋಟೊಡಯೋಡನ್ನು ಪರದೆಯ ಮೂಲೆಗೆ ಕಪ್ಪು ಟೇಪಿನಿಂದ ಅಂಟಿಸಿ, ಸಂಕೇತವನ್ನು ತಗ್ಗಿಸಿ ಬೋರ್ಡಿನ ಖಾಲಿ ಚಾನೆಲಿಗೆ ಕೊಟ್ಟೆ. ಈಗ ಬೆಳಕು ಮತ್ತು ಮಿದುಳು ಒಂದೇ ಗಡಿಯಾರದಲ್ಲಿ ದಾಖಲಾಗುತ್ತವೆ. ಕಣ್ಣಿನಿಂದ ಮಿದುಳಿನ ಹಿಂಭಾಗಕ್ಕೆ ತಲುಪುವ ಮೊದಲ 0.14 ಸೆಕೆಂಡನ್ನು ಬಿಟ್ಟು, ಹೊಸದಾಗಿ ತರಬೇತಿಯ ದಾಖಲೆ ತೆಗೆದು ಓಡಿಸಿದಾಗ, ಎರಡು ಸೆಕೆಂಡಿನೊಳಗೆ ಹತ್ತರಲ್ಲಿ ಒಂಬತ್ತು ಸರಿಬಂದವು. ನಡೆಯದೆಂದವರನ್ನು ಕರೆದು ಕೂರಿಸಿ ತೋರಿಸಿದೆ.

ನಡುವೆ ಜೆಲ್ಲಿನ ಖರ್ಚು ಉಳಿಸಲು ಉಪ್ಪುನೀರಿನ ಸ್ಪಂಜು ಕಟ್ಟಿ ನೋಡಿದ್ದುಂಟು. ಏಪ್ರಿಲ್‌ನ ಸೆಕೆಗೆ ಅದು ಅರ್ಧ ಗಂಟೆಯಲ್ಲೇ ಒಣಗಿತು. ಅದಕ್ಕಿಂತ ಲಾಭವಾದದ್ದು, ಚಿಕ್ಕಪ್ಪನವರ ಹಿಂದಲೆಯ ಕೊಬ್ಬರಿ ಎಣ್ಣೆಯನ್ನು ಸೀಗೆಪುಡಿಯಿಂದ ತೊಳೆಸಿದ್ದು. ಹಿಂದಲೆಯ ನಡುವೆ ಇಡುವ ಓಝೆಡ್ ಎಲೆಕ್ಟ್ರೋಡಿನ ಇಂಪಿಡೆನ್ಸ್ (ಚರ್ಮದೊಡನೆ ಸಂಪರ್ಕದಲ್ಲಿನ ವಿದ್ಯುತ್ ತಡೆ) ಅಂದೇ ಅರ್ಧಕ್ಕಿಂತ ಕೆಳಗಿಳಿಯಿತು. ಎಣ್ಣೆ ಹಚ್ಚುವುದನ್ನು ಭಾನುವಾರಕ್ಕೆ ಮಾತ್ರ ಇಡಲು ಚಿಕ್ಕಮ್ಮ ಒಪ್ಪಿದ್ದಾರೆ, ಆ ದಿನ ಫಲಕಕ್ಕೂ ರಜೆ.