ಕೊರಳ ಮೇಲೆ ಪ್ರೋಬ್ ಇಟ್ಟು ಧ್ವನಿತಂತು ನೋಡಿದ ಬಗೆ

ಬಸವನಗುಡಿಯ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ರೇಡಿಯಾಲಜಿಸ್ಟ್ ಆಗಿರುವ ನನಗೆ ಕೊರಳ ಅಲ್ಟ್ರಾಸೌಂಡ್ ಸ್ಕ್ಯಾನ್ ಎಂದರೆ ಬಹುಕಾಲ ಥೈರಾಯ್ಡ್ ಗಂಟುಗಳನ್ನು ಅಳೆದು ವರದಿ ಬರೆಯುವುದಷ್ಟೇ ಆಗಿತ್ತು. 2020ರಲ್ಲಿ, ಮೂಗಿನ ಮೂಲಕ ಕ್ಯಾಮೆರಾ ಇಳಿಸುವ ಪರೀಕ್ಷೆಯಿಂದ ಕೋವಿಡ್ ಹರಡೀತೆಂದು ಇಎನ್‌ಟಿ ವೈದ್ಯರು ಹಿಂಜರಿಯುತ್ತಿದ್ದಾಗ, ಅದೇ ಪ್ರೋಬನ್ನು, ಎಂದರೆ ಚರ್ಮಕ್ಕೆ ತಾಗಿಸಿ ಹಿಡಿಯುವ ಯಂತ್ರದ ಕೈತುಂಡನ್ನು, ತುಸು ಮೇಲಕ್ಕೆ ಸರಿಸಿ ಧ್ವನಿತಂತುಗಳನ್ನೂ ನೋಡುವ ಅಭ್ಯಾಸ ಮಾಡಿಕೊಂಡೆ.

ರೋಗಿಯನ್ನು ಅಂಗಾತ ಮಲಗಿಸಿ, ಭುಜದ ಕೆಳಗೆ ತೆಳು ದಿಂಬು ಕೊಟ್ಟು, ಗಂಟಲಮಣಿಯ ಮೇಲೆ ಧಾರಾಳವಾಗಿ ಜೆಲ್ ಹಚ್ಚಿ, 7ರಿಂದ 12 ಮೆಗಾಹರ್ಟ್ಸ್‌ನ ಲೀನಿಯರ್ (ನೇರ ಅಂಚಿನ) ಪ್ರೋಬನ್ನು ಅಡ್ಡವಾಗಿ ಇಡುತ್ತೇನೆ. ಪರದೆಯ ಮೇಲೆ ಧ್ವನಿತಂತುಗಳು ಗುಡಿಸಲಿನ ಮಾಡಿನಂತೆ ಎರಡು ಕಡೆಗೆ ಇಳಿಯುವ ಕಪ್ಪು ಪಟ್ಟಿಗಳಾಗಿಯೂ ಅವುಗಳ ಬುಡದಲ್ಲಿ, ತಂತುಗಳನ್ನು ಆಡಿಸುವ ಪುಟ್ಟ ಮೃದ್ವಸ್ಥಿಗಳಾದ ಅರಿಟಿನಾಯ್ಡ್‌ಗಳು ಬಿಳಿಯ ಚುಕ್ಕೆಗಳಾಗಿಯೂ ಕಾಣುತ್ತವೆ. ಉಸಿರೆಳೆದಾಗ ಅಗಲುತ್ತವೆ, ‘ಈ’ ಎಂದಾಗ ಕೂಡುತ್ತವೆ. ಆದರೆ ‘ಈ’ ಎನ್ನುವಾಗ ಧ್ವನಿಪೆಟ್ಟಿಗೆಯೇ ಮೇಲೇರಿ ಚಿತ್ರ ಜಾರಿಹೋಗುವುದರಿಂದ, ನಾನು ಮೊದಲು ಸುಮ್ಮನೆ ಉಸಿರಾಡಲು ಬಿಟ್ಟು ಒಂದೆರಡು ನಿಮಿಷ ಕಾಯುತ್ತೇನೆ. ಆ ಬಳಿಕವೇ ‘ಈ’, ಕೊನೆಗೆ ಉಸಿರು ಬಿಗಿಹಿಡಿದು ತಿಣುಕುವುದು.

ಗಾಂಧಿಬಜಾರಿನಲ್ಲಿ ಹೂ ಮಾರುವ ಒಬ್ಬ ತಾಯಿ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಎರಡು ವಾರಕ್ಕೆ ಬಂದಿದ್ದರು. “ಮೊಳ ಎಷ್ಟು ಅಂತ ಕೇಳಿದ್ರೆ ಬೆರಳಲ್ಲಿ ತೋರಿಸ್ತೀನಿ ಡಾಕ್ಟ್ರೇ, ನೀರು ಕುಡಿದ್ರೂ ನೆತ್ತಿಗೆ ಹತ್ತುತ್ತೆ,” ಎಂದು ಪಿಸುಗುಟ್ಟಿದರು. ಕ್ಯಾಮೆರಾ ಇಳಿಸಲು ಹೋದಾಗ ಓಕರಿಕೆ ತಡೆಯಲಾಗದೆ ಎದ್ದು ಬಂದಿದ್ದರಂತೆ. ‘ಈ’ ಅನ್ನಿ ಎಂದರೆ ನಕ್ಕುಬಿಟ್ಟರು. ಆ ನಗುವಿನಲ್ಲೇ ಬಲಗಡೆಯ ಚುಕ್ಕೆ ನಡುವಿಗೆ ಹಾರಿತು, ಎಡಗಡೆಯದು ಇದ್ದಲ್ಲೇ ಇತ್ತು. ಥೈರಾಯ್ಡ್‌ನ ಹಿಂಬದಿಯಲ್ಲಿ ಹಾಯುವ, ಧ್ವನಿತಂತುವನ್ನು ಆಡಿಸುವ ರಿಕರೆಂಟ್ ಲ್ಯಾರಿಂಜಿಯಲ್ ನರಕ್ಕೆ ಪೆಟ್ಟು ಬಿದ್ದಿರಬೇಕೆಂದು ಸಂಶಯಿಸಿ ಹಾಗೆಯೇ ಬರೆದೆ.

ನುಂಗುವಿಕೆಯನ್ನು ನೋಡಲು ಗಲ್ಲದ ಕೆಳಗೆ ಬಾಗಿದ ಪ್ರೋಬನ್ನು ಉದ್ದಕ್ಕೆ ಇಟ್ಟರೆ ನಾಲಿಗೆಯ ಬುಡದ ಹಯಾಯ್ಡ್ ಮೂಳೆಯ ನೆರಳು ಮುಂದಕ್ಕೂ ಮೇಲಕ್ಕೂ ಸರಿಯುವುದು ತಿಳಿಯುತ್ತದೆ. ಇದರಲ್ಲಿ ನನ್ನ ಅನುಭವ ಕಡಿಮೆ. ಯಂತ್ರವನ್ನು ಆಸ್ಪತ್ರೆಯೊಂದರ ವಾರ್ಡಿಗೆ ಒಯ್ದು ಕಲಿಯೋಣವೆಂದರೆ, ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಅದನ್ನು ನೋಂದಾಯಿಸಿದ ಜಾಗದಿಂದ ಮನಬಂದಲ್ಲಿಗೆ ಸಾಗಿಸುವಂತಿಲ್ಲ. ಗಂಟಲು ನೋಡುವ ಯಂತ್ರಕ್ಕೂ ಅದೇ ನಿಯಮ.

ನಾನು ತಪ್ಪಿದ್ದು ಒಬ್ಬ ನಿವೃತ್ತ ಮೇಷ್ಟ್ರ ವಿಷಯದಲ್ಲಿ. ವಯಸ್ಸಾದ ಗಂಡಸರಲ್ಲಿ ಎಷ್ಟೋ ಸಲ ಥೈರಾಯ್ಡ್ ಮೃದ್ವಸ್ಥಿಯಲ್ಲಿ (ಥೈರಾಯ್ಡ್ ಗ್ರಂಥಿಯಲ್ಲ, ಗಂಟಲಮಣಿಯ ಮೆತ್ತೆಲುಬು) ಸುಣ್ಣ ಕಟ್ಟಿಕೊಂಡು ಒಳಗಿನದೆಲ್ಲ ನೆರಳಿನಲ್ಲಿ ಮುಳುಗುತ್ತದೆ. ಕಿಂಡಿ ಹುಡುಕುತ್ತ ಪ್ರೋಬನ್ನು ಒಂದು ಕಡೆಗೆ ವಾಲಿಸಿದ್ದು ನನ್ನ ಗಮನಕ್ಕೇ ಬರಲಿಲ್ಲ. ಬಲ ತಂತು ಚಲಿಸುತ್ತಿಲ್ಲವೆಂದು ಬರೆದುಬಿಟ್ಟೆ. ಇಎನ್‌ಟಿ ವೈದ್ಯರು ಕ್ಯಾಮೆರಾ ಇಳಿಸಿ ನೋಡಿದರೆ ಎರಡೂ ಸಲೀಸಾಗಿ ಆಡುತ್ತಿದ್ದವು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ, ಎರಡು ದಿನ ನಿದ್ದೆಗೆಟ್ಟಿದ್ದನ್ನು ಮಾತ್ರ ಹೇಳಿದರು.

ಅಂದಿನಿಂದ, ಎರಡೂ ಅರಿಟಿನಾಯ್ಡ್‌ಗಳು ಒಂದೇ ಚೌಕಟ್ಟಿನಲ್ಲಿ ಸಮನಾಗಿ ಕಂಡ ಮೇಲೆಯೇ ಚಲನೆಯ ಮಾತೆತ್ತುತ್ತೇನೆ ಮತ್ತು ಆ ದೃಶ್ಯದ ವಿಡಿಯೊ ತುಣುಕನ್ನು ಉಳಿಸಿಕೊಳ್ಳುತ್ತೇನೆ. ಸ್ಪಷ್ಟವಾಗದಿದ್ದರೆ ವರದಿಯಲ್ಲಿ ‘ಚಲಿಸುತ್ತಿಲ್ಲ’ ಎಂದಲ್ಲ, ‘ಕಾಣಲಿಲ್ಲ, ಲ್ಯಾರಿಂಗೋಸ್ಕೋಪಿ (ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಅಗತ್ಯ’ ಎಂದೇ ಬರೆದು ಇಎನ್‌ಟಿಯವರಿಗೆ ಫೋನ್ ಮಾಡುತ್ತೇನೆ.