ಆಟಿಯ ತೇವದಲ್ಲಿ ನಿಕ್ಕಲ್–ಅಲ್ಯೂಮಿನಾ ವೇಗವರ್ಧಕದ ತಯಾರಿ

ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುವ, ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ, ಸುರತ್ಕಲ್ಲಿನಲ್ಲಾಗಲಿ ಮಣಿಪಾಲದಲ್ಲಾಗಲಿ, ಪ್ರಯೋಗಾಲಯದ ಡಬ್ಬಿಯಲ್ಲಿರುವ ಗ್ಯಾಮಾ ಅಲ್ಯೂಮಿನಾವೂ (ವೇಗವರ್ಧಕದಲ್ಲಿ ನಿಕ್ಕಲ್ಲನ್ನು ಹೊರುವ, ರಂಧ್ರಗಳಿರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ) ಸಾಕಷ್ಟು ತೇವ ಹೀರಿಕೊಂಡಿರುತ್ತದೆ. ಅದನ್ನು ಹಾಗೆಯೇ ತೂಗಿದರೆ ತೂಕವೂ ತಪ್ಪುತ್ತದೆ, ರಂಧ್ರಗಳು ಎಷ್ಟು ದ್ರಾವಣ ಹಿಡಿಯುತ್ತವೆ ಎಂಬ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಪುಡಿಯನ್ನು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿ, ಡೆಸಿಕೇಟರ್‌ನಲ್ಲಿ (ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆ) ತಣಿಸಿ, ಹೊರತೆಗೆದ ಕೂಡಲೇ 9.5 ಗ್ರಾಂ ತೂಗಿಕೊಳ್ಳಿ.

ಅದೇ ಪುಡಿಯ ಬೇರೊಂದು ಗ್ರಾಂಗೆ ಹನಿಹನಿಯಾಗಿ ನೀರು ಬೆರೆಸಿ, ಅದು ಮುದ್ದೆಗಟ್ಟಲು ತೊಡಗುವ ಹಂತದವರೆಗೆ ಎಷ್ಟು ನೀರು ಹಿಡಿಯಿತೆಂದು ಗುರುತಿಸಿ, 9.5ರಿಂದ ಗುಣಿಸಿ. ಶೇಕಡಾ 5ರಷ್ಟು ನಿಕ್ಕಲ್ ಬೇಕಾದರೆ 2.48 ಗ್ರಾಂ ನಿಕ್ಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟನ್ನು ಕರಗಿಸಿ, ದ್ರಾವಣದ ಒಟ್ಟು ಪ್ರಮಾಣವನ್ನು ಆ ಗುಣಲಬ್ಧದಷ್ಟಕ್ಕೇ ಸರಿಹೊಂದಿಸಿ, ಪುಡಿಯ ಮೇಲೆ, ಕಲಕುತ್ತಾ ಹನಿಸಿ. ಒದ್ದೆಯಾದ ಹರಳುಗಳನ್ನು ಬಳಸಬೇಡಿ. ಅವುಗಳಲ್ಲಿ ನಿಕ್ಕಲ್ ಲೆಕ್ಕಕ್ಕಿಂತ ಕಡಿಮೆಯಿರುತ್ತದೆ. ಬಾವಿನೀರು ಎಷ್ಟೇ ತಿಳಿಯಾಗಿದ್ದರೂ ಭಟ್ಟಿ ಇಳಿಸಿದ ನೀರನ್ನೇ ಬಳಸಿ, ಏಕೆಂದರೆ ಕ್ಲೋರೈಡ್ ಉಳಿದುಕೊಂಡರೆ ಲೋಹದ ಕಣಗಳು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುವುದು ಸುಲಭವಾಗುತ್ತದೆ.

ಒಣಗಿಸುವ ಹಂತವನ್ನು ಹಲವರು ಬರಿಯ ಕಾಯುವಿಕೆಯೆಂದು ತಿಳಿಯುತ್ತಾರೆ. ಲೋಹ ಎಲ್ಲಿ ನೆಲೆಸಬೇಕೆಂಬುದು ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೈಟ್ರೇಟ್ ಅಲ್ಯೂಮಿನಾಕ್ಕೆ ಬಲವಾಗಿ ಅಂಟಿಕೊಳ್ಳದ ಕಾರಣ, ನೀರು ಆವಿಯಾಗುತ್ತಾ ಸರಿದಂತೆ ಅದೂ ಜೊತೆಗೆ ಸರಿದು ಕೆಲವೆಡೆ ಗುಂಪುಗೂಡಬಹುದು. ಎರಡು ಗಂಟೆ ಮುಚ್ಚಿಟ್ಟು, ತೆಳುವಾಗಿ ಹರಡಿ, 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಒಣಗಿದ್ದನ್ನು ಮೇಜಿನ ಮೇಲೆ ತೆರೆದಿಟ್ಟರೆ, ಕರಾವಳಿಯ ಗಾಳಿಯ ತೇವವನ್ನು ಹೀರಿ ನೈಟ್ರೇಟ್ ಮತ್ತೆ ಚಲಿಸತೊಡಗುತ್ತದೆ. ಹಾಗಾಗಿ ನೇರವಾಗಿ ಕುಲುಮೆಗೆ ಒಯ್ಯಿರಿ.

ನಿಮಿಷಕ್ಕೆ 2 ಡಿಗ್ರಿಯಂತೆ 450 ಡಿಗ್ರಿಗೆ ಏರಿಸಿ, ನಾಲ್ಕು ಗಂಟೆ ಸುಟ್ಟು ನೈಟ್ರೇಟನ್ನು ನಿಕ್ಕಲ್ ಆಕ್ಸೈಡ್ ಆಗಿಸಿ. ಹೊರಬರುವ ಕಂದು ಹೊಗೆ ವಿಷಕಾರಿಯಾದ ನೈಟ್ರೋಜನ್ ಡೈಆಕ್ಸೈಡ್ ಆದ್ದರಿಂದ ಅದನ್ನು ಫ್ಯೂಮ್ ಹುಡ್ ಮೂಲಕವೇ ಹೊರಹಾಕಬೇಕು; ಅದು ಪುಡಿಯ ನಡುವೆ ನಿಂತರೆ ಕಣಗಳೂ ದಪ್ಪವಾಗುತ್ತವೆ. ಉಷ್ಣತೆ 700 ಡಿಗ್ರಿ ದಾಟಿದರೆ ನಿಕ್ಕಲ್ ಅಲ್ಯೂಮಿನಾದೊಳಗೆ ಬೆರೆತು ನೀಲಿ ಛಾಯೆಯ ಅಲ್ಯೂಮಿನೇಟ್ ಆಗುತ್ತದೆ, ಅದನ್ನು ಲೋಹವಾಗಿ ಅಪಕರ್ಷಿಸಲು (ಆಕ್ಸಿಜನ್ ತೆಗೆಯಲು) ಸುಮಾರು 800 ಡಿಗ್ರಿ ಬೇಕಾಗುತ್ತದೆ.

ಹೈಡ್ರೋಜನ್‌ನಲ್ಲಿ ಅಪಕರ್ಷಣಕ್ಕೆ 500 ಡಿಗ್ರಿ ಸಾಕು; ಸುಮಾರು 590 ಡಿಗ್ರಿಯಲ್ಲಿ ನಿಕ್ಕಲ್ ಪರಮಾಣುಗಳ ಚಲನೆ ಬಿರುಸಾಗುವುದರಿಂದ ಅದರ ಹತ್ತಿರ ಹೋಗದಿರುವುದು ಒಳ್ಳೆಯದು. ಹುಟ್ಟುವ ನೀರಾವಿಯೂ ಕಣಗಳನ್ನು ಬೆಳೆಸುವುದರಿಂದ ಅನಿಲದ ಹರಿವನ್ನು ಧಾರಾಳವಾಗಿಡಿ. ಮಾದರಿಯನ್ನು ಹೊರತೆಗೆಯುವ ಮೊದಲು ನೈಟ್ರೋಜನ್ ಹರಿಸಿ ಹೈಡ್ರೋಜನ್ ಪೂರ್ತಿ ಹೊರಹೋಗುವಂತೆ ಮಾಡಿ, ಕೋಣೆಯ ಉಷ್ಣತೆಗೆ ತಣಿಸಿ, ಬಳಿಕ ಶೇಕಡಾ 1ರಷ್ಟು ಆಕ್ಸಿಜನ್ ಬೆರೆತ ನೈಟ್ರೋಜನ್ನನ್ನು ನಿಧಾನವಾಗಿ ಹರಿಸಿ. ನೇರವಾಗಿ ಗಾಳಿ ತಗುಲಿದರೆ ಸೂಕ್ಷ್ಮ ನಿಕ್ಕಲ್ ತಾನಾಗಿಯೇ ಹೊತ್ತಿಕೊಳ್ಳಬಹುದು.